ಮನೆಯ ನಾಲ್ಕು ಕಂಪ್ಯೂಟರ್, ಒಂದೇ ಫೋಟೋ ಫೋಲ್ಡರ್: ಫೈಲ್ ಹಂಚಿಕೊಳ್ಳಲು ಯಾವ ದಾರಿ?

ಸಾಗರದ ಹತ್ತಿರ ನನ್ನ ಅಕ್ಕನ ಮನೆ. ಅಲ್ಲಿ ಟೀವಿ ಪಕ್ಕ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಏಳು ಪೆನ್‌ಡ್ರೈವ್. ಭಾವನ ಡೆಸ್ಕ್‌ಟಾಪ್‌ನಿಂದ ಅಕ್ಕನ ಲ್ಯಾಪ್‌ಟಾಪ್‌ಗೆ ಏನಾದರೂ ಹೋಗಬೇಕಾದರೆ ಆ ಡಬ್ಬಿಗೆ ಕೈ ಹಾಕುತ್ತಿದ್ದರು. ತೋಟದ ಲೆಕ್ಕದ ಎಕ್ಸೆಲ್ ಫೈಲ್ ಮೂರು ಪೆನ್‌ಡ್ರೈವ್‌ನಲ್ಲಿ ಮೂರು ರೀತಿ ಇತ್ತು. ಇದರಲ್ಲಿ ಕೊನೆಯದು ಯಾವುದು ಅಂತ ಕೇಳಿದೆ. ಅಕ್ಕ ಒಂದನ್ನು ತೋರಿಸಿದಳು, ಭಾವ ಇನ್ನೊಂದನ್ನು.

ಆ ಮನೆಯಲ್ಲಿ ನಾಲ್ಕು ಕಂಪ್ಯೂಟರ್ ಇವೆ. ಎರಡು ವಿಂಡೋಸ್, ಅಕ್ಕನ ಮಗಳದ್ದೊಂದು ಮ್ಯಾಕ್‌ಬುಕ್, ಅಟ್ಟದ ಕೋಣೆಯಲ್ಲಿ ಲಿನಕ್ಸ್ ಹಾಕಿದ ಹಳೆಯ ಡಬ್ಬ ಒಂದು. ನಾಲ್ಕೂ ಒಂದೇ ವೈಫೈನಲ್ಲಿವೆ. ಅಂದರೆ ಆ ಫೈಲ್ ಪೆನ್‌ಡ್ರೈವ್ ಹತ್ತುವ ಅಗತ್ಯವೇ ಇರಲಿಲ್ಲ. ಇಂಟರ್ನೆಟ್ ಕೂಡ ಬೇಕಿರಲಿಲ್ಲ. ಮಳೆಗಾಲದಲ್ಲಿ ಫೈಬರ್ ಕಡಿದು ಎರಡು ದಿನ ನೆಟ್ ಹೋದರೂ ಮನೆಯೊಳಗಿನ ಕಂಪ್ಯೂಟರ್‌ಗಳು ರೌಟರ್ ಮೂಲಕ ಪರಸ್ಪರ ಮಾತಾಡಬಲ್ಲವು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ವೈಫೈ ಅಂದರೆ ಇಂಟರ್ನೆಟ್ ಅಂತಲೇ ತಿಳಿದಿರುತ್ತಾರೆ.

ದಾರಿಗಳು ಬೇಕಾದಷ್ಟಿವೆ. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಿದವರಿಗೆಲ್ಲ ನಾನು ಮೊದಲು ಒಂದೇ ಪ್ರಶ್ನೆ ಹಾಕುತ್ತೇನೆ: ಆ ಫೈಲ್ ಇರಬೇಕಾದದ್ದು ಎಲ್ಲಿ?

ಇದಕ್ಕೆ ಉತ್ತರ ಮೂರೇ. ಒಂದು, ನನ್ನ ಹತ್ತಿರ ಇರುವುದನ್ನು ನಿಮಗೆ ಕೊಟ್ಟುಬಿಟ್ಟರೆ ಸಾಕು, ಆಮೇಲೆ ನಿಮ್ಮದು ನಿಮಗೆ, ನನ್ನದು ನನಗೆ. ಮದುವೆಯ ವಿಡಿಯೋ ಕೊಟ್ಟ ಹಾಗೆ. ಎರಡು, ಫೈಲ್ ಒಂದೇ ಕಡೆ ಇರಬೇಕು, ಎಲ್ಲರೂ ಅಲ್ಲಿಗೇ ಬಂದು ತೆರೆಯಬೇಕು. ಲೆಕ್ಕದ ಫೈಲ್ ಈ ಜಾತಿಯದು. ಮೂರು, ಎರಡು ಮೂರು ಕಡೆ ಪ್ರತಿ ಇರಬೇಕು, ಒಂದು ಕಡೆ ತಿದ್ದಿದ್ದು ಉಳಿದ ಕಡೆಗೂ ತಾನೇ ಹೋಗಬೇಕು. ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿಗೆ ಹೋಗಿ ಬರುವವರಿಗೆ ಇದೇ ಬೇಕು. ಕೊಡುವುದು, ಹಂಚಿಕೊಳ್ಳುವುದು, ಸಿಂಕ್ ಮಾಡುವುದು ಮೂರೂ ಬೇರೆ ಬೇರೆ ಕೆಲಸ. ಒಂದಕ್ಕೆ ಮಾಡಿದ ಸಾಧನವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಫೈಲ್ ಕಳೆಯುವುದು.

ಕೊಟ್ಟುಬಿಟ್ಟರೆ ಸಾಕು ಅನ್ನುವವರಿಗೆ

ಇಲ್ಲಿ ಜಾಸ್ತಿ ಯೋಚಿಸಬೇಕಿಲ್ಲ. ಲೋಕಲ್‌ಸೆಂಡ್ ಹಾಕಿಕೊಳ್ಳಿ. ಉಚಿತ, ಓಪನ್ ಸೋರ್ಸ್, ಜಾಹೀರಾತಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಓಡುತ್ತದೆ. ಎರಡೂ ಕಡೆ ತೆರೆದರೆ ಒಂದಕ್ಕೊಂದು ತಾವೇ ಕಾಣಿಸುತ್ತವೆ. ಪ್ರತಿ ಸಾಧನಕ್ಕೂ ಹಣ್ಣು ಅಥವಾ ತರಕಾರಿಯ ಒಂದು ಹೆಸರು ಸಿಗುತ್ತದೆ, ಬೇಡವಾದರೆ ಬದಲಿಸಬಹುದು. ಕಳಿಸುವವರು ಒತ್ತಬೇಕು, ಪಡೆಯುವವರು ಒಪ್ಪಬೇಕು, ಅಷ್ಟೇ. ಖಾತೆ ಬೇಡ, ಪಾಸ್‌ವರ್ಡ್ ಬೇಡ, ಫೈಲ್ ಮನೆಯ ಹೊರಗೆ ಹೋಗುವುದೂ ಇಲ್ಲ.

ಮನೆಯಲ್ಲಿ ಎಲ್ಲವೂ ಆಪಲ್ ಆದರೆ ಏರ್‌ಡ್ರಾಪ್ ಇದ್ದೇ ಇದೆ. ಆಂಡ್ರಾಯ್ಡ್ ಫೋನ್ ಮತ್ತು ವಿಂಡೋಸ್ ನಡುವೆ ಗೂಗಲ್‌ನ ಕ್ವಿಕ್ ಶೇರ್ ಚೆನ್ನಾಗಿದೆ. ಎರಡು ವಿಂಡೋಸ್ ನಡುವೆ ಬರೀ ಒಂದು ಪಿಡಿಎಫ್ ದಾಟಿಸಬೇಕಾದರೆ ವಿಂಡೋಸ್‌ನಲ್ಲೇ ಇರುವ ನಿಯರ್‌ಬೈ ಶೇರಿಂಗ್ ಸಾಕು. ಮಿಶ್ರ ಸಂಸಾರಕ್ಕೆ ಮಾತ್ರ ಲೋಕಲ್‌ಸೆಂಡ್‌ನಷ್ಟು ಹೊಂದುವುದು ನನಗೆ ಬೇರೆ ಸಿಕ್ಕಿಲ್ಲ. ಒಂದು ಕಾಲದಲ್ಲಿ ಎಲ್ಲರ ಫೋನಿನಲ್ಲೂ ಇದ್ದ ಶೇರ್‌ಇಟ್, ಕ್ಸೆಂಡರ್ ಎರಡನ್ನೂ 2020ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿತು. ಈಗ ಎಲ್ಲಿಂದಲೋ ಅವುಗಳ ಎಪಿಕೆ ಹುಡುಕಿ ಹಾಕಿಕೊಳ್ಳಬೇಡಿ.

ಎರಡು ಸಾಧನ ಒಂದಕ್ಕೊಂದು ಕಾಣದಿದ್ದರೆ ಮೊದಲು ನೋಡಬೇಕಾದದ್ದು ಒಂದಿದೆ: ಯಾವುದಾದರೂ ಒಂದು ಗೆಸ್ಟ್ ವೈಫೈನಲ್ಲಿದೆಯೇ? ಬಹಳಷ್ಟು ರೌಟರ್‌ಗಳು ಗೆಸ್ಟ್ ವೈಫೈನಲ್ಲಿರುವವರನ್ನು ಮನೆಯ ಉಳಿದ ಸಾಧನಗಳಿಂದ ಬೇರೆಯೇ ಇಡುತ್ತವೆ. ಅದು ಇರುವುದೇ ಅದಕ್ಕಾಗಿ.

ಪೆನ್‌ಡ್ರೈವ್ ಬಿಟ್ಟೇಬಿಡಿ ಅನ್ನುತ್ತಿಲ್ಲ. ಒಂದೇ ಸಲ 200 ಜಿಬಿ ಸಾಗಿಸಬೇಕಾದರೆ ಒಳ್ಳೆಯ ಯುಎಸ್‌ಬಿ 3 ಡಿಸ್ಕ್ ಈಗಲೂ ವೈಫೈಗಿಂತ ಬೇಗ. ಆದರೆ ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ ಫೈಲ್ ತೀರಾ ದೊಡ್ಡದು ಅನ್ನುವಂಥ ಸಂದೇಶ ಬಂದರೆ ಕಾರಣ ಇದೇ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಯುತ್ತದೆ, ಮೊದಲು ಖಾಲಿ ಮಾಡಿಕೊಳ್ಳಿ.

ಒಂದೇ ಕಡೆ ಇಟ್ಟು ಎಲ್ಲರೂ ತೆರೆಯುವುದು

ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಶೇರ್ ಮಾಡುತ್ತೇವಲ್ಲ, ಅದರ ಹಿಂದೆ ಕೆಲಸ ಮಾಡುವುದು ಕಂಪ್ಯೂಟರ್‌ಗಳ ಫೈಲ್ ಹಂಚಿಕೆಯ ಭಾಷೆ ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಮೈಕ್ರೋಸಾಫ್ಟ್ ಅದನ್ನು ಬೆಳೆಸಿತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಸುಮಾರಿಗೆ ಅದೇ ಭಾಷೆಯನ್ನು ಯುನಿಕ್ಸ್‌ಗೂ ಕಲಿಸಲು ಹೊರಟರು. ಅದೇ ಮುಂದೆ ಸಾಂಬಾ ಆಯಿತು. ಆಪಲ್ ಕೂಡ 2013ರ ಮ್ಯಾವರಿಕ್ಸ್‌ನಲ್ಲಿ ತನ್ನದೇ ಹಂಚಿಕೆ ಭಾಷೆ ಎಎಫ್‌ಪಿಯನ್ನು ಹಿಂದೆ ಸರಿಸಿ ಎಸ್‌ಎಂಬಿಯನ್ನೇ ಮುಂದೆ ತಂದಿತು. ಹಾಗಾಗಿ ಇವತ್ತು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಗೊತ್ತಿರುವ ಭಾಷೆ ಇದು. ಲಿನಕ್ಸ್ ಬಳಗದವರು ಇಂಥದ್ದೇ ಇನ್ನೊಂದು ಭಾಷೆ ಎನ್‌ಎಫ್‌ಎಸ್ ಹೇಳುತ್ತಾರೆ. ಎರಡೂ ಕಡೆ ಲಿನಕ್ಸ್ ಇದ್ದರೆ ಅದು ಸೊಗಸು. ವಿಂಡೋಸ್ ಹೋಂ ಆವೃತ್ತಿ ಇರುವ ಮನೆಗೆ ಅದು ಹೊಂದುವುದಿಲ್ಲ. ಎಫ್‌ಟಿಪಿ ಬೇಡ, ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಕಾಗದದ ಹಾಗೆ ತಂತಿಯ ಮೇಲೆ ಹೋಗುತ್ತದೆ.

ಎಸ್‌ಎಂಬಿಯ ದೊಡ್ಡ ಗುಣ ಅಂದರೆ ಬೀಗ. ಭಾವ ಲೆಕ್ಕದ ಎಕ್ಸೆಲ್ ತೆರೆದುಕೊಂಡಿದ್ದಾಗ ಅಕ್ಕ ತೆರೆಯಲು ಹೋದರೆ, ಇದು ಬಳಕೆಯಲ್ಲಿದೆ, ಓದಲು ಮಾತ್ರ ಬಿಡುತ್ತೇನೆ ಅನ್ನುತ್ತದೆ. ಪೆನ್‌ಡ್ರೈವ್ ಕಾಲದ ಮೂರು ಪ್ರತಿಯ ಗೊಂದಲ ಅಲ್ಲಿಗೆ ಮುಗಿಯಿತು.

ಕಷ್ಟ ಇರುವುದು ಮೊದಲ ಸಲ ಜೋಡಿಸುವಾಗ. ಆ ದಿನ ಭಾವನ ಡೆಸ್ಕ್‌ಟಾಪ್‌ನ ಫೋಲ್ಡರ್ ಶೇರ್ ಮಾಡಿ ಅಕ್ಕನ ಲ್ಯಾಪ್‌ಟಾಪ್‌ನಿಂದ ತೆರೆದೆವು. ಹೆಸರು, ಪಾಸ್‌ವರ್ಡ್ ಕೇಳಿತು. ಭಾವ ದಿನಾ ಕಂಪ್ಯೂಟರ್ ತೆರೆಯಲು ಒತ್ತುವ ನಾಲ್ಕು ಅಂಕಿ ಒತ್ತಿದರು. ತಪ್ಪು ಅಂದಿತು. ಮತ್ತೆ ಒತ್ತಿದರು. ಮೂರನೇ ಸಲಕ್ಕೆ ಅವರ ಮುಖ ಕೆಂಪಾಯಿತು. "ದಿನಾ ಇದನ್ನೇ ಹಾಕೋದು ನಾನು, ಇವತ್ತು ಯಾಕೆ ತಪ್ಪು ಅನ್ನುತ್ತೆ?" ಅಂದರು.

ಭಾವನದು ತಪ್ಪಲ್ಲ. ಪಿನ್ ಅನ್ನುವುದು ಆ ಒಂದು ಯಂತ್ರಕ್ಕೆ ಮಾತ್ರ ಸೀಮಿತ. ನೆಟ್‌ವರ್ಕ್ ಮೂಲಕ ಬರುವವರಿಗೆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯಾದರೆ ವಿಂಡೋಸ್ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದೇ ಇಲ್ಲ. ಹಂಚಿಕೆ ಕೆಟ್ಟಿದೆ ಅಂತ ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಪಾಲು ಇದೇ.

ನನ್ನ ಸಲಹೆ ಹೀಗೆ. ಫೈಲ್ ಇರುವ ಕಂಪ್ಯೂಟರ್‌ನಲ್ಲಿ ಹಂಚಿಕೆಗಾಗಿಯೇ ಒಂದು ಬೇರೆ ಖಾತೆ ಮಾಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ, ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರನನ್ನು ಸೇರಿಸಿ. ಖಾತೆಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಚಿಕ್ಕ ಹೆಸರು, ಒಂದು ಗಟ್ಟಿ ಪಾಸ್‌ವರ್ಡ್. ಫೋಲ್ಡರ್ ಶೇರ್ ಮಾಡುವಾಗ ಆ ಖಾತೆಗೆ ಮಾತ್ರ ಅನುಮತಿ ಕೊಡಿ. ಮನೆಯ ಉಳಿದ ಎಲ್ಲ ಕಂಪ್ಯೂಟರ್‌ಗಳಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಒಂದು ಸಲ ಹಾಕಿ, ನೆನಪಿಟ್ಟುಕೋ ಅನ್ನುವ ಕಡೆ ಟಿಕ್ ಮಾಡಿ. ಯಾರ ಸ್ವಂತ ಪಾಸ್‌ವರ್ಡೂ ಯಾರಿಗೂ ಹೇಳಬೇಕಾಗಿಲ್ಲ.

ಯೂಟ್ಯೂಬ್‌ನಲ್ಲಿ ಇದಕ್ಕಿಂತ ಸುಲಭದ ದಾರಿ ತೋರಿಸುತ್ತಾರೆ: ಪಾಸ್‌ವರ್ಡ್ ರಕ್ಷಣೆ ಆಫ್ ಮಾಡಿ, ಎವ್ರಿಒನ್ ಅನ್ನು ಸೇರಿಸಿ, ಫುಲ್ ಕಂಟ್ರೋಲ್ ಕೊಡಿ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರ ಫೋನಿನಿಂದಲೂ ಆ ಫೋಲ್ಡರ್ ಅಳಿಸಬಹುದು. ಅದಕ್ಕಿಂತ ಕೆಟ್ಟದ್ದು, ಒಂದು ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ) ಹೊಕ್ಕರೆ ಅದು ಬರೆಯಲು ಅನುಮತಿ ಇರುವ ಎಲ್ಲ ಶೇರ್‌ಗಳನ್ನೂ ಕೆಡಿಸುತ್ತದೆ. ಮನೆಯ ಫೋಟೋಗಳಿಗೆ ಓದುವ ಅನುಮತಿ ಸಾಕು. ಹೊಸ ಫೋಟೋ ಹಾಕಲು 'ಒಳಬಂದದ್ದು' ಅಂತ ಒಂದು ಬೇರೆ ಫೋಲ್ಡರ್ ಇಡಿ, ಬರೆಯುವ ಅನುಮತಿ ಅದಕ್ಕೆ ಮಾತ್ರ ಇರಲಿ. ವಿಂಡೋಸ್‌ನಲ್ಲಿ ಶೇರಿಂಗ್ ಟ್ಯಾಬ್‌ನದ್ದು, ಸೆಕ್ಯೂರಿಟಿ ಟ್ಯಾಬ್‌ನದ್ದು ಅಂತ ಅನುಮತಿ ಎರಡು ಪದರ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಂದು ಕಡೆ ತೆರೆದು ಇನ್ನೊಂದು ಕಡೆ ಮರೆತರೆ ಬಾಗಿಲು ತೆರೆಯುವುದಿಲ್ಲ.

ಇನ್ನು ಕಂಪ್ಯೂಟರ್ ಕಾಣದೇ ಹೋಗುವ ಸಮಸ್ಯೆ. ಮೊದಲು ಆ ವೈಫೈನ ಪ್ರೊಫೈಲ್ ನೋಡಿ. ವಿಂಡೋಸ್ ಹೊಸ ವೈಫೈಗೆ ಸೇರಿದಾಗ ಅದನ್ನು ಪಬ್ಲಿಕ್ ಅಂತಲೇ ಎಣಿಸುತ್ತದೆ, ಬಸ್ ಸ್ಟ್ಯಾಂಡಿನ ವೈಫೈ ಹಾಗೆ. ಮನೆಯದನ್ನು ಪ್ರೈವೇಟ್ ಮಾಡಿ. ಆದರೂ ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಆ ಪಟ್ಟಿಯ ಗೊಡವೆ ಬಿಡಿ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಜಾಗದಲ್ಲಿ ನೇರವಾಗಿ \\192.168.1.10 ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಅಂಕಿ (ಐಪಿ ವಿಳಾಸ) ಫೈಲ್ ಇರುವ ನಿಮ್ಮ ಮನೆಯ ಯಂತ್ರದ್ದು ಇರಲಿ. ರೌಟರ್‌ನಲ್ಲಿ ಆ ಯಂತ್ರಕ್ಕೆ ಅದೇ ಐಪಿಯನ್ನು ಕಾಯ್ದಿರಿಸಿದರೆ ಅಂಕಿ ಬದಲಾಗುವುದಿಲ್ಲ. ಆಮೇಲೆ ಅದನ್ನು ಜೆಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಳ್ಳಿ. ಅಕ್ಕನಿಗೆ ಈಗ ಅದು ಸಿ, ಡಿ ಡ್ರೈವ್‌ನ ಹಾಗೆ ಇನ್ನೊಂದು, ಅಷ್ಟೇ. ಫೈಲ್ ಇರುವ ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸುವುದನ್ನೂ ಮರೆಯಬೇಡಿ. ಅದು ಮಲಗಿದರೆ ಜೆಡ್ ಡ್ರೈವ್ ಕೂಡ ಮಲಗಿತು.

ಹಳೆಯ ವಿಂಡೋಸ್ 7ರಲ್ಲಿ ಹೋಂಗ್ರೂಪ್ ಅಂತ ಒಂದಿತ್ತು, ಸುಲಭವಾಗಿತ್ತು. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದರು. ಅದನ್ನು ಹುಡುಕುತ್ತಾ ಕೂರಬೇಡಿ. ಇನ್ನು ಎಸ್‌ಎಂಬಿ 1, ಅಂದರೆ ಅದರ ಮೊದಲ ಆವೃತ್ತಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿದ್ದು ಅದರ ಲೋಪದ ಮೂಲಕ. ಹೊಸ ವಿಂಡೋಸ್‌ಗಳಲ್ಲಿ ಅದು ಮೊದಲಿನಿಂದಲೇ ಆಫ್ ಇರುತ್ತದೆ. ನಿಮ್ಮಲ್ಲಿ ಎಕ್ಸ್‌ಪಿ ಯಂತ್ರವಿದ್ದರೆ ಅದಕ್ಕೆ ಗೊತ್ತಿರುವುದು ಆ ಹಳೆಯದು ಮಾತ್ರ. ಅದೊಂದಕ್ಕಾಗಿ ಹೊಸ ಯಂತ್ರದಲ್ಲಿ ಎಸ್‌ಎಂಬಿ 1 ಆನ್ ಮಾಡಬೇಡಿ. ಅದರಲ್ಲಿರುವುದನ್ನು ಒಂದು ಸಲ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡುಬಿಡಿ.

ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಶೇರಿಂಗ್‌ನಲ್ಲಿ ಫೈಲ್ ಶೇರಿಂಗ್ ಆನ್ ಮಾಡಬೇಕು. ವಿಂಡೋಸ್‌ನಿಂದ ಬರುವವರಿಗಾಗಿ ಆಪ್ಷನ್ಸ್ ಒಳಗೆ ಖಾತೆಯ ಎದುರು ಇನ್ನೊಂದು ಟಿಕ್ ಇದೆ, ಅದನ್ನೂ ಹಾಕಬೇಕು. ಲಿನಕ್ಸ್‌ನಲ್ಲಿ ಸಾಂಬಾಗೆ ಬೇರೆಯೇ ಪಾಸ್‌ವರ್ಡ್ ಕೊಡಬೇಕು, ಲಾಗಿನ್ ಪಾಸ್‌ವರ್ಡ್ ತಾನಾಗಿ ಅಲ್ಲಿಗೆ ಬರುವುದಿಲ್ಲ. ಈ ಎರಡು ಗೊತ್ತಿದ್ದರೆ ಉಳಿದದ್ದು ಸರಾಗ.

ಎರಡು ಕಡೆ ಪ್ರತಿ ಬೇಕಾದಾಗ

ಅಕ್ಕನ ಮಗಳು ಡಿಸೈನ್ ಕೆಲಸ ಮಾಡುತ್ತಾಳೆ. ತಿಂಗಳಲ್ಲಿ ಹತ್ತು ದಿನ ಊರಲ್ಲಿ, ಉಳಿದ ದಿನ ಬೆಂಗಳೂರಲ್ಲಿ. ಅವಳಿಗೆ ಜೆಡ್ ಡ್ರೈವ್‌ನಿಂದ ಉಪಯೋಗವಿಲ್ಲ, ಬಸ್ ಹತ್ತಿದ ಕೂಡಲೇ ಅದು ಕೈಗೆ ಸಿಗುವುದಿಲ್ಲ. ಅವಳಿಗೆ ಬೇಕಾದದ್ದು ಸಿಂಕ್. ಅಟ್ಟದ ಲಿನಕ್ಸ್ ಯಂತ್ರದಲ್ಲಿ ಒಂದು ಪ್ರತಿ, ಮ್ಯಾಕ್‌ಬುಕ್‌ನಲ್ಲಿ ಒಂದು ಪ್ರತಿ, ಮನೆಗೆ ಬಂದಾಗ ಎರಡೂ ಒಂದಾಗಬೇಕು.

ಇದಕ್ಕೆ ನಾನು ಹಾಕಿಕೊಟ್ಟಿದ್ದು ಸಿಂಕ್‌ಥಿಂಗ್. ಇದೂ ಓಪನ್ ಸೋರ್ಸ್. ಮಧ್ಯದಲ್ಲಿ ಫೈಲ್ ಇಟ್ಟುಕೊಳ್ಳುವ ಸರ್ವರ್ ಇಲ್ಲ, ಯಂತ್ರದಿಂದ ಯಂತ್ರಕ್ಕೆ ನೇರ. ಎರಡೂ ಯಂತ್ರಗಳಿಗೆ ಒಂದೊಂದು ಉದ್ದನೆಯ ಗುರುತು ಇರುತ್ತದೆ, ಅವನ್ನು ಪರಸ್ಪರ ಪರಿಚಯ ಮಾಡಿಸಿದರೆ ಆಯಿತು. ಇಂಟರ್ನೆಟ್ ಇದ್ದರೆ ಊರಾಚೆಯಿಂದಲೂ ಸಿಂಕ್ ಆಗುತ್ತದೆ. ಒನ್‌ಡ್ರೈವ್, ಗೂಗಲ್ ಡ್ರೈವ್ ಕೂಡ ಸಿಂಕ್ ಮಾಡುತ್ತವಲ್ಲ ಅನ್ನಬಹುದು. ಮಾಡುತ್ತವೆ. ಆದರೆ ಪಕ್ಕದ ಕೋಣೆಗೆ ಹೋಗಬೇಕಾದ 20 ಜಿಬಿ ಮೊದಲು ಕ್ಲೌಡ್‌ಗೆ ಹತ್ತಬೇಕು. ಜಾಗ ಮುಗಿದ ಮೇಲೆ ತಿಂಗಳು ತಿಂಗಳು ದುಡ್ಡು ಕೊಡಬೇಕು. ನೆಟ್ ಆಗಾಗ ಹೋಗುವ ಊರಲ್ಲಿ ನನಗೆ ಅದು ಸರಿ ಕಾಣಲಿಲ್ಲ.

ಸಿಂಕ್ ಅನ್ನು ನಾನು ಭಯದಿಂದಲೇ ಬಳಸುತ್ತೇನೆ. ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಮನೆಯಲ್ಲೇ ಫೋನಿನ ಫೋಟೋ ಫೋಲ್ಡರ್ ಮತ್ತು ಕಂಪ್ಯೂಟರ್ ಸಿಂಕ್ ಆಗುವಂತೆ ಮಾಡಿದ್ದೆ. ಫೋನಿನಲ್ಲಿ ಜಾಗ ಸಾಲುತ್ತಿಲ್ಲ ಅಂತ ಮಗ ಹಳೆಯ ಫೋಟೋ ಅಳಿಸಿದ. ಕಂಪ್ಯೂಟರ್‌ನಲ್ಲಿ ಇದ್ದೇ ಇದೆಯಲ್ಲ ಅಂತ ಅವನ ಲೆಕ್ಕ. ಅಳಿಸಿದ್ದು ಕೂಡ ಸಿಂಕ್ ಆಯಿತು. ಅಮ್ಮ ಕೊನೆಯ ಸಲ ನಮ್ಮ ಮನೆಗೆ ಬಂದಾಗ ತೆಗೆದ ಫೋಟೋಗಳು ಅದರಲ್ಲಿದ್ದವು. ಅದೃಷ್ಟಕ್ಕೆ ಎರಡು ವಾರ ಮುಂಚೆ ಒಂದು ಹೊರಗಿನ ಡಿಸ್ಕ್‌ಗೆ ಪ್ರತಿ ತೆಗೆದಿಟ್ಟಿದ್ದೆ, ಅಲ್ಲಿಂದ ಸಿಕ್ಕವು. ಆ ಎರಡು ವಾರದ್ದು ಮಾತ್ರ ಹೋಯಿತು.

ಹಾಗಾಗಿ ಸಿಂಕ್‌ಥಿಂಗ್ ಹಾಕಿದ ದಿನವೇ ಎರಡು ಕೆಲಸ ಮಾಡಿ. ಮನೆಯಲ್ಲಿ ಸದಾ ಇರುವ ಯಂತ್ರದ ಕಡೆ ಫೈಲ್ ವರ್ಷನಿಂಗ್ ಆನ್ ಮಾಡಿ. ಆಗ ಬೇರೆ ಕಡೆಯಿಂದ ಅಳಿಸಿದ ಅಥವಾ ಬದಲಿಸಿದ ಫೈಲ್‌ನ ಹಳೆಯ ರೂಪ ಒಂದು ಅಡಗಿದ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಎರಡನೆಯದು, ಒಂದೇ ದಿಕ್ಕಿನಲ್ಲಿ ಹೋಗಬೇಕಾದ ಫೋಲ್ಡರ್‌ಗೆ ಕಳಿಸಲು ಮಾತ್ರ, ಪಡೆಯಲು ಮಾತ್ರ ಅನ್ನುವ ಆಯ್ಕೆ ಕೊಡಿ. ಇವು ಮೊದಲಿನಿಂದ ಆನ್ ಇರುವುದಿಲ್ಲ, ನಾವೇ ಮಾಡಬೇಕು.

ಸಿಂಕ್‌ನಲ್ಲಿ ಬೀಗ ಇಲ್ಲ ಅನ್ನುವುದೂ ನೆನಪಿರಲಿ. ಇಬ್ಬರು ಒಂದೇ ಫೈಲ್ ತಿದ್ದಿದರೆ ಒಂದು ಉಳಿಯುತ್ತದೆ, ಇನ್ನೊಂದು ಸಿಂಕ್ ಕಾನ್ಫ್ಲಿಕ್ಟ್ ಅನ್ನುವ ಬಾಲ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತದೆ. ಎರಡನ್ನೂ ಹೋಲಿಸಿ ಸೇರಿಸುವ ಕೆಲಸ ನಿಮ್ಮದು. ಲೆಕ್ಕದ ಸಾಫ್ಟ್‌ವೇರ್‌ನ ಡೇಟಾ ಫೋಲ್ಡರ್, ಮೇಲ್ ಫೈಲ್, ಫೋಟೋ ಕ್ಯಾಟಲಾಗ್ ಇಂಥವನ್ನು ತೆರೆದಿರುವಾಗ ಸಿಂಕ್ ಮಾಡಲೇಬೇಡಿ. ಅರ್ಧ ಬರೆದ ಸ್ಥಿತಿಯಲ್ಲಿ ಪ್ರತಿ ಹೋದರೆ ಎರಡೂ ಕಡೆ ಹಾಳು. ಅಂಥದ್ದು ಒಂದೇ ಕಡೆ ಇರಲಿ.

ಸದಾ ಎಚ್ಚರವಿರುವ ಒಂದು ಯಂತ್ರ

ಹಂಚುವುದಿರಲಿ, ಸಿಂಕ್ ಇರಲಿ, ಒಂದು ಯಂತ್ರ ಯಾವಾಗಲೂ ಆನ್ ಇದ್ದರೆ ಅನುಕೂಲ. ಯಾವ ಯಂತ್ರ ಅನ್ನುವುದಕ್ಕೆ ನಾಲ್ಕು ಉತ್ತರ.

ರೌಟರ್‌ನ ಹಿಂದೆ ಯುಎಸ್‌ಬಿ ಕಿಂಡಿ ಇದ್ದರೆ ಅದಕ್ಕೇ ಡಿಸ್ಕ್ ಸಿಕ್ಕಿಸುವುದು ಎಲ್ಲಕ್ಕಿಂತ ಅಗ್ಗ. ನನಗೆ ಅದರ ಮೇಲೆ ಭರವಸೆ ಕಡಿಮೆ. ರೌಟರ್‌ನ ಪುಟ್ಟ ಪ್ರೊಸೆಸರ್‌ಗೆ ಇದು ಭಾರ. ಹಳೆಯವು ಎಸ್‌ಎಂಬಿ 1ರಲ್ಲೇ ನಿಂತಿವೆ, ಕೆಲವು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಮಾತ್ರ ಕೊಡುತ್ತವೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿ ಅಂಥ ಗೆಸ್ಟ್ ಪ್ರವೇಶವನ್ನು ಒಪ್ಪುವುದಿಲ್ಲ, ಸಂದೇಶಗಳಿಗೆ ಸಹಿಯೂ ಬೇಕು ಅನ್ನುತ್ತದೆ. ನಿನ್ನೆವರೆಗೆ ತೆರೆಯುತ್ತಿದ್ದ ಡಿಸ್ಕ್ ಅಪ್‌ಡೇಟ್ ಆದ ಮೇಲೆ ತೆರೆಯದಿದ್ದರೆ ಕಾರಣ ಬಹುಶಃ ಇದೇ.

ಹಳೆಯ ಡೆಸ್ಕ್‌ಟಾಪ್ ಮನೆಯಲ್ಲಿ ಬಿದ್ದಿದ್ದರೆ ಅದೂ ಆಗುತ್ತದೆ, ಆದರೆ ಕರೆಂಟ್ ಲೆಕ್ಕ ಹಾಕಿ. ಸುಮ್ನೆ ಕೂತಾಗಲೂ 60 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ ಸುಮಾರು 43 ಯುನಿಟ್ ತಿನ್ನುತ್ತದೆ. ಎರಡು ಡಿಸ್ಕ್‌ನ ಎನ್‌ಎಎಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) 20 ವ್ಯಾಟ್ ಅಂದುಕೊಂಡರೆ 14 ಯುನಿಟ್. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ 5 ವ್ಯಾಟ್‌ನಲ್ಲಿ ನಡೆದರೆ 4 ಯುನಿಟ್ ಒಳಗೆ, ಡಿಸ್ಕ್‌ನದು ಬೇರೆ. ಪೈ ತೆಗೆದುಕೊಳ್ಳುವುದಾದರೆ 2019ರಲ್ಲಿ ಬಂದ ಪೈ 4 ಅಥವಾ ಅದರ ನಂತರದ್ದು ಇರಲಿ. ಅದಕ್ಕಿಂತ ಹಿಂದಿನವುಗಳಲ್ಲಿ ನೆಟ್‌ವರ್ಕ್ ಮತ್ತು ಡಿಸ್ಕ್ ಎರಡೂ ಒಂದೇ ಯುಎಸ್‌ಬಿ 2 ದಾರಿಯಲ್ಲಿ ನುಗ್ಗಬೇಕು, ನಿಧಾನ.

ಲಿನಕ್ಸ್ ಗೊತ್ತಿಲ್ಲ, ಕಲಿಯಲು ಸಮಯವೂ ಇಲ್ಲ ಅಂದರೆ ಸಿನಾಲಜಿ, ಕ್ಯುನ್ಯಾಪ್ ಮುಂತಾದ ಎನ್‌ಎಎಸ್ ಪೆಟ್ಟಿಗೆ ಕೊಳ್ಳುವುದು ಸರಿ. ದುಬಾರಿ, ಡಿಸ್ಕ್‌ಗೆ ಬೇರೆ ದುಡ್ಡು. ಆದರೆ ಬ್ರೌಸರ್‌ನಲ್ಲಿ ಕ್ಲಿಕ್ ಮಾಡುತ್ತಾ ಹೋದರೆ ಎಲ್ಲ ಸಿದ್ಧವಾಗುತ್ತದೆ. ಅದರ ಜೊತೆಗೆ ಒಂದು ಚಿಕ್ಕ ಯುಪಿಎಸ್ ಕೊಳ್ಳಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಕಡೆ ಡಿಸ್ಕ್ ಬರೆಯುತ್ತಿರುವಾಗಲೇ ನಿಂತುಹೋದರೆ ಫೈಲ್ ಕೆಡಬಹುದು. ರೇಡ್ 1 (ಎರಡು ಡಿಸ್ಕ್‌ಗೂ ಒಂದೇ ಸಲ ಅದನ್ನೇ ಬರೆಯುವ ವ್ಯವಸ್ಥೆ) ಹಾಕಿದ್ದೇನೆ, ಎರಡು ಡಿಸ್ಕ್ ಇದೆ, ಬ್ಯಾಕಪ್ ಆಯಿತು ಅಂತ ಬಹಳ ಜನ ನೆಮ್ಮದಿಯಾಗಿರುತ್ತಾರೆ. ಅದು ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆ. ನೀವು ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ತಿಂಗಳಿಗೊಮ್ಮೆ ಹೊರಗಿನ ಡಿಸ್ಕ್‌ಗೆ ಪ್ರತಿ ತೆಗೆದು, ಬಿಚ್ಚಿ, ಬೀರುವಿನಲ್ಲಿಡಿ.

ಮನೆಯ ಹೊರಗಿನಿಂದಲೂ ತೆರೆಯಬೇಕು ಅಂತ ರೌಟರ್‌ನಲ್ಲಿ 445ನೇ ಪೋರ್ಟ್ (ಎಸ್‌ಎಂಬಿ ಬಳಸುವ ಬಾಗಿಲು) ತೆರೆಯುವವರಿದ್ದಾರೆ. ಖಂಡಿತ ಬೇಡ. 2022ರಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಹಿಡಿದದ್ದು ಇಂಟರ್ನೆಟ್‌ಗೆ ನೇರ ತೆರೆದಿಟ್ಟ ಎನ್‌ಎಎಸ್‌ಗಳನ್ನೇ. ಹೊರಗಿನಿಂದ ಬೇಕಾದರೆ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಬರುವ ಗುಪ್ತ ಸುರಂಗದಂಥದ್ದು) ಮೂಲಕ ಬನ್ನಿ.

ವೇಗ ಎಲ್ಲಿ ಸೋರುತ್ತದೆ

50 ಜಿಬಿ ಫೋಟೋ, ವಿಡಿಯೋ ಇದೆ ಅಂದುಕೊಳ್ಳಿ. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 110 ಎಂಬಿ ಬಂದರೆ ಎಂಟು ನಿಮಿಷದೊಳಗೆ ಮುಗಿಯುತ್ತದೆ. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ಎಂಟು ಬಿಟ್ ಸೇರಿ ಒಂದು ಬೈಟ್) ತಂತಿಯಲ್ಲಿ 11 ಎಂಬಿ, ಅಂದರೆ ಒಂದೂಕಾಲು ಗಂಟೆ. 5 ಗಿಗಾಹರ್ಟ್ಸ್ ವೈಫೈನಲ್ಲಿ 30 ಎಂಬಿ ಸಿಕ್ಕರೆ ಅರ್ಧ ಗಂಟೆಯ ಹತ್ತಿರ. 2.4ರಲ್ಲಿ 5 ಎಂಬಿ ಬಂದರೆ ಎರಡೂಮುಕ್ಕಾಲು ಗಂಟೆ. ಎರಡೂ ಯಂತ್ರ ವೈಫೈನಲ್ಲಿದ್ದರೆ ಪ್ರತಿ ತುಣುಕೂ ಒಮ್ಮೆ ರೌಟರ್‌ಗೆ ಹೋಗಿ, ಅಲ್ಲಿಂದ ಮತ್ತೊಮ್ಮೆ ಗಾಳಿಯಲ್ಲಿ ಇಳಿಯಬೇಕು. ಒಂದನ್ನಾದರೂ ತಂತಿಗೆ ಹಾಕಿದರೆ ಹೆಚ್ಚುಕಡಿಮೆ ಎರಡರಷ್ಟು ವೇಗ.

ಅಕ್ಕನ ಮನೆಯದು ಎರಡು ಅಡಿ ದಪ್ಪದ ಮಣ್ಣಿನ ಗೋಡೆ. 5 ಗಿಗಾಹರ್ಟ್ಸ್ ಅದನ್ನು ದಾಟುವುದಿಲ್ಲ. ಅದಕ್ಕೆ ಅಟ್ಟದ ಮೇಲಿಂದ ತಂತಿ ಎಳೆಸಿದ್ದರು. ಆದರೂ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿದೆ, 100/100 ಅಂತಿತ್ತು. ಎರಡೂ ಕಡೆಯ ಕಿಂಡಿ ಗಿಗಾಬಿಟ್‌ನದೇ. ಹಾಗಿದ್ದರೆ ತಂತಿಯದೇ ತೊಂದರೆ. ತುದಿಯ ಪಾರದರ್ಶಕ ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದೆ. ಎಂಟು ಎಳೆ ಇರಬೇಕಾದ ಕಡೆ ನಾಲ್ಕೇ ಇದ್ದವು. ಕಿತ್ತಳೆ ಜೋಡಿ, ಹಸಿರು ಜೋಡಿ ಸರಿಯಾಗಿ ಕೂತಿದ್ದವು. ನೀಲಿ, ಕಂದು ಜೋಡಿಗಳನ್ನು ಹಿಂದೆಯೇ ಕತ್ತರಿಸಿ ಮಡಚಿದ್ದರು. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಎರಡು ಹೊಸ ಪ್ಲಗ್ ಹಾಕಿದ ಮೇಲೆ ಅದೇ ತಂತಿಯಲ್ಲಿ 1000/1000 ಬಂತು. ತಂತಿ ಎಳೆಸುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಳಿ, ಕೆಲಸದವರು ಹೋಗುವ ಮುಂಚೆ ಲಿಂಕ್ ಸ್ಪೀಡ್ ನೀವೇ ನೋಡಿ.

ಸಾವಿರಾರು ಚಿಕ್ಕ ಫೈಲ್ ಇದ್ದರೆ ಯಾವ ತಂತಿಯಲ್ಲೂ ನಿಧಾನ. ಪ್ರತಿ ಫೈಲ್‌ಗೂ ತೆರೆಯುವ, ಮುಚ್ಚುವ ಮಾತುಕತೆ ನಡೆಯಬೇಕಲ್ವಾ. ಅಂಥದ್ದನ್ನು ಜಿಪ್ ಮಾಡಿ ಕಳಿಸಿ.

ಕನ್ನಡದ ಹೆಸರಿನ ಫೈಲುಗಳು

ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಯಾರೂ ಹೇಳುವುದಿಲ್ಲ, ಆದರೆ ನಮಗೆ ಬೇಕು. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಮಿತಿ 255 ಅಕ್ಷರಘಟಕ. ಲಿನಕ್ಸ್‌ನ ಡಿಸ್ಕ್‌ಗಳಲ್ಲಿ, ಎಷ್ಟೋ ಎನ್‌ಎಎಸ್‌ಗಳಲ್ಲಿ ಮಿತಿ 255 ಬೈಟ್. ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. 'ಕಿ' ಅಂದರೆ ಕಕಾರ, ಗುಡಿಸು ಸೇರಿ ಆರು ಬೈಟ್. 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ ಹದಿನೆಂಟು. ಅಂದರೆ 85 ಸಂಕೇತಕ್ಕೇ ಮಿತಿ ಮುಗಿಯಿತು. 'ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರಿದಾಗ...' ಅಂತ ಉದ್ದಕ್ಕೆ ಬರೆದ ಹೆಸರು ವಿಂಡೋಸ್‌ನಲ್ಲಿ ಚೆನ್ನಾಗಿರುತ್ತದೆ, ಅಟ್ಟದ ಲಿನಕ್ಸ್‌ಗೆ ಪ್ರತಿ ಆಗುವುದಿಲ್ಲ. ಹೆಸರು ಚಿಕ್ಕದಿರಲಿ.

ಇನ್ನೊಂದು ಸೂಕ್ಷ್ಮ. ಕೊ, ಕೋ, ಕೇ, ಕೀ ಮೊದಲಾದ ಅಕ್ಷರಗಳ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಹಳೆಯ ಮ್ಯಾಕ್‌ಗಳ ಡಿಸ್ಕ್ ವ್ಯವಸ್ಥೆ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್‌ಗೆ ತಂದ 'ಕೊಡಗು' ಫೋಲ್ಡರ್ ಪಕ್ಕದಲ್ಲೇ ಇನ್ನೊಂದು 'ಕೊಡಗು' ಕಂಡರೆ ಗಾಬರಿಯಾಗಬೇಡಿ. ಒಳಗಿರುವುದನ್ನು ಒಂದಕ್ಕೆ ಸೇರಿಸಿ, ಇನ್ನೊಂದನ್ನು ತೆಗೆಯಿರಿ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ದಾಖಲೆಗಳದ್ದು ಬೇರೆ ಕಥೆ. ಫೈಲ್ ಸರಿಯಾಗಿಯೇ ತಲುಪುತ್ತದೆ, ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಂಚಿಕೆಯ ತಪ್ಪಲ್ಲ. ಆ ಯಂತ್ರದಲ್ಲೂ ಅದೇ ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ. ಅಕ್ಕನ ಜೊತೆ ಆ ದಿನ ಇದೇ ಆಯಿತು. ಅವಳು ಹದಿನೈದು ವರ್ಷದ ಹಿಂದೆ ಅಜ್ಜಿಯ ಬಾಯಿಂದ ಕೇಳಿ ಟೈಪ್ ಮಾಡಿದ್ದ ಹಾಡುಗಳನ್ನು ಮಗಳು ಮ್ಯಾಕ್‌ನಲ್ಲಿ ತೆರೆದು "ಮಾವ, ಫೈಲ್ ಹಾಳಾಗಿದೆ" ಅಂದಳು. ಅಕ್ಕನ ಕೈ ನಿಂತುಹೋಯಿತು. ಹಾಳಾಗಿರಲಿಲ್ಲ, ಫಾಂಟ್ ಇರಲಿಲ್ಲ ಅಷ್ಟೇ. ನುಡಿ ಫಾಂಟ್ ಹಾಕಿದ ಕೂಡಲೇ ಹಾಡು ಪರದೆ ಮೇಲೆ ಬಂತು.

ಈಗ ಆ ಮನೆಯಲ್ಲಿ ಲೆಕ್ಕದ ಫೈಲ್ ಭಾವನ ಡೆಸ್ಕ್‌ಟಾಪ್‌ನಲ್ಲಿ ಒಂದೇ ಇದೆ, ಅಕ್ಕನಿಗೆ ಅದು ಜೆಡ್ ಡ್ರೈವ್. ಮಗಳ ಕೆಲಸ ಅಟ್ಟದ ಯಂತ್ರಕ್ಕೆ ಸಿಂಕ್ ಆಗುತ್ತದೆ, ವರ್ಷನಿಂಗ್ ಆನ್ ಇದೆ. ಫೋನಿನಿಂದ ಫೋಟೋ ದಾಟಿಸಲು ಲೋಕಲ್‌ಸೆಂಡ್. ಬೀರುವಿನಲ್ಲಿ ಒಂದು ಡಿಸ್ಕ್ ಇದೆ, ತಿಂಗಳ ಮೊದಲ ಭಾನುವಾರ ಹೊರಗೆ ಬರುತ್ತದೆ. ಹಾಡುಗಳ ಫೈಲ್ ಒಟ್ಟು 62. ಅವನ್ನೆಲ್ಲ ಯೂನಿಕೋಡ್‌ಗೆ ತರುವ ಕೆಲಸವನ್ನು ಅಕ್ಕ, ಮಗಳು ಇಬ್ಬರೂ ಸೇರಿ ಶುರು ಮಾಡಿದ್ದಾರೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಎಲ್ಲಾದರೂ ತಪ್ಪಿದೆಯೇ ಅಂತ ಅಕ್ಕ ಒಂದೊಂದನ್ನೂ ಹಾಡಿಯೇ ನೋಡುತ್ತಾಳೆ.